ಹಲ್ಲಿಗೆ ಕ್ಲಿಪ್: ಮೊದಲ ದಿನ ಡಾಕ್ಟರ ಬಳಿ ಹೋಗುವ ಮುಂಚೆ

ಮದ್ರಸದಲ್ಲಿ ಕಿರಾಅತ್ ಕಲಿಸುವವರು ದಿನಾ ಬೆಳಿಗ್ಗೆ ಮಕ್ಕಳ ಬಾಯಿಯನ್ನೇ ನೋಡಿಕೊಂಡು ಕೂರುವವರು. ‘ಫಾಅ್’ ಅಕ್ಷರ ಸರಿಯಾಗಿ ಬರಬೇಕಾದರೆ ಮೇಲಿನ ಬಾಚಿಹಲ್ಲಿನ ತುದಿ ಕೆಳತುಟಿಯ ಒಳಭಾಗಕ್ಕೆ ತಾಗಬೇಕು. ನಾಲಗೆಯ ತುದಿ ಮೇಲಿನ ಬಾಚಿಹಲ್ಲಿನ ಅಂಚಿಗೆ ತಾಗಿ ಹೊರಡುವ ಅಕ್ಷರಗಳು ಇನ್ನು ಮೂರು ಉಂಟು. ಹಲ್ಲು ತೀರಾ ಮುಂದಕ್ಕೆ ಉಬ್ಬಿದ ಮಗು, ಬಾಯಿ ಮುಚ್ಚಿದರೂ ಮುಂದಿನ ಮೇಲು ಹಲ್ಲು ಕೆಳ ಹಲ್ಲು ಒಂದಕ್ಕೊಂದು ಸೇರದ ಮಗು ಈ ಅಕ್ಷರಗಳಲ್ಲಿ ತಡವರಿಸುವುದು ನಮಗೆ ಬೇಗ ಗೊತ್ತಾಗುತ್ತದೆ. ಹೆತ್ತವರಿಗೆ ಹೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ. “ಉಸ್ತಾದ್, ದೊಡ್ಡ ಆಗಲಿ, ಆಮೇಲೆ ಕ್ಲಿಪ್ ಹಾಕಿಸುವಾ.”

ಈ ‘ಆಮೇಲೆ’ ನಮ್ಮಲ್ಲಿ ಯಾವಾಗ ಬರುತ್ತದೆ? ಗಂಡು ಮಕ್ಕಳಿಗೆ ಬರುವುದೇ ಇಲ್ಲ. ಹೆಣ್ಣು ಮಕ್ಕಳಿಗೆ ಮದುವೆ ಮಾತು ಶುರುವಾದಾಗ ಬರುತ್ತದೆ. ನಿಶ್ಚಯ ಆದ ಮೇಲೆ ಡಾಕ್ಟರ ಹತ್ತಿರ ಓಡಿ, ಆರು ತಿಂಗಳಲ್ಲಿ ಸರಿ ಮಾಡಿಕೊಡಿ ಎಂದು ಕೇಳುವುದು. ಸಾಧಾರಣವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುವ ಕೆಲಸವನ್ನು ಆರು ತಿಂಗಳಲ್ಲಿ ಮುಗಿಸಿ ಎಂದರೆ ಡಾಕ್ಟರಾದರೂ ಎಂಥ ಮಾಡುವುದು?

ಹಲ್ಲು ಸರಿಪಡಿಸುವ ತಜ್ಞರನ್ನು ಮೊದಲ ಸಲ ಕಾಣಲು ಒಳ್ಳೆಯ ವಯಸ್ಸು ಏಳು. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ ಹೇಳುವುದೂ ಇದನ್ನೇ. ಏಳು ವರ್ಷಕ್ಕೆ ಕ್ಲಿಪ್ ಹಾಕಿಸಿ ಅಂತ ಇದರ ಅರ್ಥ ಅಲ್ಲ. ಆರರ ಸುಮಾರಿಗೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ, ಮುಂದಿನ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ಇನ್ನು ಬರಬೇಕಾದ ಹಲ್ಲಿಗೆ ಜಾಗ ಉಂಟಾ, ಮೇಲಿನ ಕೆಳಗಿನ ದವಡೆ ಸಮ ಬೆಳೆಯುತ್ತಿದೆಯಾ ಎಂದು ತಜ್ಞರಿಗೆ ಆಗ ಅಂದಾಜು ಸಿಗುತ್ತದೆ. ಹೆಚ್ಚಿನ ಮಕ್ಕಳಿಗೆ ಸಿಗುವ ಉತ್ತರ, “ಈಗ ಏನೂ ಬೇಡ, ಆರು ತಿಂಗಳೋ ವರ್ಷವೋ ಬಿಟ್ಟು ಬನ್ನಿ.” ಕ್ಲಿಪ್ ಹಾಕುವುದು ಸಾಮಾನ್ಯವಾಗಿ ಹಾಲುಹಲ್ಲೆಲ್ಲ ಬಿದ್ದು ಶಾಶ್ವತ ಹಲ್ಲು ಬಂದ ಮೇಲೆ, ಹನ್ನೊಂದರಿಂದ ಹದಿನಾಲ್ಕರ ನಡುವೆ.

ಮುಂದಿನ ಎರಡು ಮೇಲು ಹಲ್ಲಿನ ನಡುವೆ ಸಂದಿ ಬಿಟ್ಟಿತೆಂದು ಎಂಟು ವರ್ಷದ ಮಗುವಿನ ಬಗ್ಗೆ ಗಾಬರಿಪಡುವ ಉಮ್ಮಂದಿರು ಬಹಳ. ಆ ವಯಸ್ಸಿನಲ್ಲಿ ಅದು ಹೆಚ್ಚಾಗಿ ಸಹಜ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಇಳಿದು ಬರುವಾಗ ಬಹಳ ಮಕ್ಕಳಲ್ಲಿ ಆ ಸಂದಿ ತಾನಾಗಿ ಮುಚ್ಚುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವೀಡಿಯೊ ನೋಡಿ ಎರಡು ಹಲ್ಲಿಗೆ ಸೇರಿಸಿ ಸಣ್ಣ ರಬ್ಬರ್ ಹಾಕಿಕೊಳ್ಳುವ ಮಕ್ಕಳಿದ್ದಾರೆ. ಆ ರಬ್ಬರ್ ಜಾರಿ ವಸಡಿನ ಒಳಗೆ ಹೋದರೆ ಹೊರಗೆ ಕಾಣುವುದೇ ಇಲ್ಲ. ಒಳಗೊಳಗೇ ಮೇಲೇರಿ ಹಲ್ಲನ್ನು ಹಿಡಿದ ಎಲುಬನ್ನು ತಿಂದು, ಚೆನ್ನಾಗಿದ್ದ ಎರಡೂ ಹಲ್ಲು ಕಳಚುವ ಮಟ್ಟಕ್ಕೆ ಹೋದ ಪ್ರಕರಣಗಳು ದಂತವೈದ್ಯರ ದಾಖಲೆಗಳಲ್ಲಿವೆ. ಮನೆಯಲ್ಲಿ ಇಂತಹ ಪ್ರಯೋಗ ಕಂಡರೆ ಅವತ್ತೇ ನಿಲ್ಲಿಸಿ.

ಕಾಯದೆ ಬೇಗ ತೋರಿಸಬೇಕಾದ ಮಕ್ಕಳೂ ಇದ್ದಾರೆ. ನಾಲ್ಕೈದು ವರ್ಷ ಕಳೆದರೂ ಬೆರಳು ಚೀಪುವುದು ಬಿಡದವರು, ರಾತ್ರಿ ಬಾಯಿ ತೆರೆದೇ ಉಸಿರಾಡುವವರು, ಮೇಲಿನ ಹಲ್ಲು ಕೆಳಹಲ್ಲಿನ ಒಳಗೆ ಕೂತವರು, ಕೆಳದವಡೆ ತೀರಾ ಹಿಂದೆ ಇರುವವರು. ದವಡೆಯ ತೊಂದರೆಗೆ ಕೆಲವೊಮ್ಮೆ ಬಾಯಿಗೆ ಹಾಕಿ ತೆಗೆಯುವ ಪ್ಲೇಟ್ ಸಾಕಾಗುತ್ತದೆ. ಆದರೆ ಅದು ಕೆಲಸ ಮಾಡುವುದು ಮಗು ಬೆಳೆಯುವ ಕಾಲದಲ್ಲಿ. ಬೆಳೆದು ನಿಂತ ಮೇಲೆ ಅದೇ ತೊಂದರೆಗೆ ದವಡೆಯ ಆಪರೇಷನ್ ಮಾತು ಬರಬಹುದು. ಸೀಳುತುಟಿ, ಸೀಳಂಗಳದೊಂದಿಗೆ ಹುಟ್ಟಿದ ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಬೇರೆಯೇ ಕ್ರಮದಲ್ಲಿ, ವರ್ಷಾನುಗಟ್ಟಲೆ ನಡೆಯುತ್ತದೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆಯಲ್ಲಿ ಇದಕ್ಕೇ ಮೀಸಲಾದ ವಿಭಾಗ ಉಂಟು.

ಇನ್ನೊಂದು ವಿಷಯ ಹಾಲುಹಲ್ಲಿನ ಹುಳುಕು. “ಬಿದ್ದು ಹೋಗುವ ಹಲ್ಲು ತಾನೆ” ಎಂದು ಬಿಡುತ್ತೇವೆ. ಹಿಂದಿನ ಹಾಲು ದವಡೆಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಬಾಯಲ್ಲಿ ಇರಬೇಕಾದದ್ದು. ಅದು ಆರಕ್ಕೇ ಹಾಳಾಗಿ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಜಾಗ ಇಲ್ಲದೆ ಅದು ಓರೆಯಾಗಿ ಏಳುತ್ತದೆ. ಕಿತ್ತ ಜಾಗವನ್ನು ಕಾಯಲು ಒಂದು ಸಣ್ಣ ಸಾಧನ ಕೂರಿಸುತ್ತಾರೆ, ಅದರ ಖರ್ಚು ಮುಂದೆ ಬರುವ ಕ್ಲಿಪ್ಪಿನ ಖರ್ಚಿಗಿಂತ ಎಷ್ಟೋ ಕಡಿಮೆ.

ಇದು ದೀನಿನಲ್ಲಿ ಆಗುತ್ತದಾ?

ಈ ಪ್ರಶ್ನೆ ಹೆಚ್ಚಾಗಿ ಅಜ್ಜಿಯರಿಂದ ಬರುತ್ತದೆ. ಅಲ್ಲಾಹು ಕೊಟ್ಟ ರೂಪವನ್ನು ಬದಲಿಸಬಾರದು, ಹಲ್ಲು ಉಜ್ಜಿ ಸಂದಿ ಮಾಡಿಸಿಕೊಳ್ಳುವವರಿಗೆ ಲಅನತ್ ಉಂಟಲ್ಲ ಎಂದು. ಹದೀಸ್ ಇರುವುದು ನಿಜ. ಇಬ್ನು ಮಸ್‌ಊದ್ (ರ) ಅವರಿಂದ ಬಂದದ್ದು, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಉಂಟು. ಅದರಲ್ಲಿ ಹೇಳಿದ್ದು ಬರೀ ಚಂದಕ್ಕಾಗಿ ಸರಿಯಿದ್ದ ಹಲ್ಲನ್ನು ಅರೆದು ಸಂದಿ ಮಾಡಿಸಿಕೊಳ್ಳುವವರ ಬಗ್ಗೆ. ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ಇಮಾಮ್ ನವವಿಯವರು ಇದನ್ನೇ ಬಿಡಿಸಿ ಹೇಳಿದ್ದಾರೆ. ಚಂದಕ್ಕಾಗಿ ಎಂಬ ಮಾತೇ ಇಲ್ಲಿ ಮುಖ್ಯ, ಚಿಕಿತ್ಸೆಗಾಗಿಯೋ ಹಲ್ಲಿನ ದೋಷಕ್ಕಾಗಿಯೋ ಬೇಕಾದರೆ ಅಡ್ಡಿಯಿಲ್ಲ ಎಂಬುದು ಅವರು ಕೊಟ್ಟ ವಿವರಣೆಯ ಸಾರ. ಯುದ್ಧದಲ್ಲಿ ಮೂಗು ಕಳಕೊಂಡ ಅರ್ಫಜ (ರ) ಅವರಿಗೆ ಚಿನ್ನದ ಮೂಗು ಹಾಕಿಕೊಳ್ಳಲು ಪ್ರವಾದಿ (ಸ) ಅನುಮತಿ ಕೊಟ್ಟದ್ದನ್ನೂ ಉಲಮಾಗಳು ಈ ಸಂದರ್ಭದಲ್ಲಿ ನೆನಪಿಸುತ್ತಾರೆ.

ಕಚ್ಚಲು ಆಗದ, ಉಜ್ಜಲು ಆಗದ, ಮಾತು ತೊದಲುವ, ಬಾಯಿ ಮುಚ್ಚಲಾಗದ ಹಲ್ಲು ದೋಷವೇ. ನಾಲ್ಕು ಜನರ ಮುಂದೆ ನಗಲು ಬಾಯಿಗೆ ಕೈ ಅಡ್ಡ ಇಡುವ ಹುಡುಗಿಯ ಹಲ್ಲನ್ನೂ ನಾನು ಅದೇ ಲೆಕ್ಕಕ್ಕೆ ಸೇರಿಸುತ್ತೇನೆ. ಎಲ್ಲ ಸರಿ ಇದ್ದೂ ಯಾರದೋ ನಗು ನೋಡಿ ಅದೇ ತರ ಬೇಕು ಎನ್ನುವವರ ವಿಷಯ ಬೇರೆ. ಸಂಶಯ ಇದ್ದವರು ತಮ್ಮ ಮಹಲ್ಲಿನ ಖತೀಬರನ್ನು ಕೇಳಿಕೊಳ್ಳಬಹುದು.

ವುಳೂಗೆ ಕ್ಲಿಪ್ ಅಡ್ಡಿಯಾಗುತ್ತದಾ ಎಂದೂ ಕೇಳುತ್ತಾರೆ. ಶಾಫಿಈ ಮದ್ಹಬಿನಲ್ಲಿ ಬಾಯಿ ಮುಕ್ಕಳಿಸುವುದು ವುಳೂವಿನಲ್ಲೂ ಕಡ್ಡಾಯ ಸ್ನಾನದಲ್ಲೂ ಸುನ್ನತ್. ತಂತಿಯ ಅಡಿಗೆ ನೀರು ಹೋಯಿತಾ ಇಲ್ಲವಾ ಎಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಯಾರ ಹತ್ತಿರ, ಯಾವ ದಿನ?

ಹಲ್ಲಿನ ಡಾಕ್ಟರೆಲ್ಲ ಕ್ಲಿಪ್ ತಜ್ಞರಲ್ಲ. ಬಿಡಿಎಸ್ ಆದ ಮೇಲೆ ಮೂರು ವರ್ಷ ಇದನ್ನೇ ಕಲಿತು ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ಹತ್ತಿರದ ಕ್ಲಿನಿಕ್‌ಗೆ ಅವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುವುದುಂಟು. ಹಾಗಿದ್ದರೆ ಅವರು ಬರುವ ದಿನ ಯಾವುದು, ನಡುವೆ ತಂತಿ ಚುಚ್ಚಿದರೆ ನೋಡುವವರು ಯಾರು ಎಂದು ಮೊದಲೇ ಕೇಳಿ.

ಖರ್ಚು ಕಡಿಮೆ ಬೇಕಾದವರಿಗೆ ನಮ್ಮ ಜಿಲ್ಲೆಯಲ್ಲಿ ಇರುವಷ್ಟು ದಾರಿ ಎಷ್ಟೋ ಜಿಲ್ಲೆಯವರಿಗೆ ಇಲ್ಲ. ದೇರಳಕಟ್ಟೆಯಲ್ಲೇ ಎ.ಬಿ. ಶೆಟ್ಟಿ ಮತ್ತು ಯೆನೆಪೊಯ ಎಂದು ಎರಡು ದಂತ ಕಾಲೇಜು, ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಮಣಿಪಾಲದವರದ್ದು, ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ, ಸುಳ್ಯದಲ್ಲಿ ಕೆ.ವಿ.ಜಿ. ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಪಿಜಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಕಲಿಯುವವರು ಎಂದು ಹೆದರುವುದು ಬೇಡ, ಅವರು ಹಾಕುವ ಒಂದೊಂದು ಹೆಜ್ಜೆಯನ್ನೂ ಮೇಲಿನವರು ನೋಡುತ್ತಾರೆ. ಆದರೆ ಒಂದು ಪ್ರಶ್ನೆ ಕೇಳಿ, ನಮ್ಮ ಮಗುವನ್ನು ನೋಡುವವರು ಯಾವ ವರ್ಷದಲ್ಲಿದ್ದಾರೆ? ಕೊನೆಯ ವರ್ಷದವರಾದರೆ ಚಿಕಿತ್ಸೆಯ ನಡುವೆ ಅವರು ಕಲಿತು ಹೊರಟುಹೋಗುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ. ತಪ್ಪೇನಿಲ್ಲ, ಗೊತ್ತಿದ್ದರೆ ಒಳ್ಳೆಯದು. ಕಾಲೇಜಿನಲ್ಲಿ ಹಣ ಉಳಿಯುತ್ತದೆ, ಸಮಯ ಹೋಗುತ್ತದೆ. ಅರ್ಧ ದಿನ ಅಲ್ಲಿಗೇ ಎಂದು ಇಟ್ಟುಕೊಳ್ಳಿ. ಬೀಡಿ ಕಟ್ಟುವ ಉಮ್ಮನಿಗೆ, ರಿಕ್ಷಾ ಓಡಿಸುವ ಉಪ್ಪನಿಗೆ ಆ ಅರ್ಧ ದಿನವೂ ಖರ್ಚಿನ ಲೆಕ್ಕವೇ.

ಕ್ಲಿಪ್ ಹಾಕಿದ ಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ಎರಡು ವರ್ಷವೆಂದರೆ ಇಪ್ಪತ್ತರ ಆಚೀಚೆ ಭೇಟಿ. ನಮ್ಮ ಮಕ್ಕಳಿಗೆ ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಶುಕ್ರವಾರ ಮದ್ರಸ ರಜೆ ಎಂದು ಅವತ್ತು ಬೆಳಿಗ್ಗೆ ಕಾಲೇಜಿಗೆ ಹೊರಡುವವರಿದ್ದಾರೆ, ಜುಮಾಕ್ಕೆ ವಾಪಸಾಗಲು ಒದ್ದಾಡುತ್ತಾರೆ. ಶನಿವಾರ ಶಾಲೆ ಅರ್ಧ ದಿನ ಇರುವವರಿಗೆ ಸಂಜೆ ತೆರೆಯುವ ಖಾಸಗಿ ಕ್ಲಿನಿಕ್ ಅನುಕೂಲ. ಮೊದಲ ಭೇಟಿಯನ್ನು ಏಪ್ರಿಲ್–ಮೇ ರಜೆಯಲ್ಲೋ ದಸರಾ ರಜೆಯಲ್ಲೋ ಇಟ್ಟುಕೊಂಡರೆ ಎಕ್ಸ್‌ರೇ, ಅಚ್ಚು, ಹುಳುಕು ತುಂಬಿಸುವುದು ಎಲ್ಲ ಅದೇ ರಜೆಯಲ್ಲಿ ಮುಗಿಯುತ್ತದೆ. ಹುಳುಕು ಇದ್ದ ಬಾಯಿಗೆ ಕ್ಲಿಪ್ ಹಾಕುವುದಿಲ್ಲ, ಅದನ್ನು ಮೊದಲು ಸರಿ ಮಾಡಿಸಬೇಕು. ತಂತಿ ಕೂರಿಸುವ ದಿನವನ್ನು ಪರೀಕ್ಷೆಯ ವಾರಕ್ಕೆ ಮಾತ್ರ ಇಡಬೇಡಿ. ಮೊದಲ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ, ತಲೆಯೂ ಓಡುವುದಿಲ್ಲ.

ರಮಳಾನಿನ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳಿಡಿ. ನೋಂಬು ಹಿಡಿಯುವ ಮಗುವಾದರೆ ನೀರು ಬಿಟ್ಟು ಮಾಡುವ ದೊಡ್ಡ ಕೆಲಸಗಳನ್ನು ಅದಕ್ಕೆ ಮುಂಚೆಯೋ ಪೆರ್ನಾಳ್ ಕಳೆದ ಮೇಲೋ ಇಡಲು ಹೆಚ್ಚಿನವರು ಒಪ್ಪುತ್ತಾರೆ, ಇಲ್ಲವಾದರೆ ಇಫ್ತಾರ್ ಆದ ಮೇಲಿನ ಹೊತ್ತು ಕೇಳಿ. ಶಾಫಿಈ ಮದ್ಹಬಿನಲ್ಲಿ ನೋಂಬಿನ ದಿನ ಮಧ್ಯಾಹ್ನದ ಬಳಿಕ ಮಿಸ್ವಾಕ್ ಮಾಡುವುದು ಕರಾಹತ್ ಆದ್ದರಿಂದ ಸಹರಿ ಆದ ಕೂಡಲೇ ಹಲ್ಲುಜ್ಜುವುದು ಕ್ಲಿಪ್ ಇದ್ದವರಿಗೆ ತುಂಬಾ ಮುಖ್ಯ. ಸಹರಿಯಲ್ಲಿ ತಿಂದದ್ದು ತಂತಿಯಲ್ಲಿ ಸಿಕ್ಕಿ ಹದಿಮೂರು ಹದಿನಾಲ್ಕು ಗಂಟೆ ಅಲ್ಲೇ ಕೂತರೆ ಹಲ್ಲಿನ ಮೇಲೆ ಬಿಳಿ ಕಲೆ ಬೀಳುತ್ತದೆ.

ದುಡ್ಡಿನ ಮಾತು

ಎಲ್ಲಕ್ಕಿಂತ ಹೆಚ್ಚು ನಾಚಿಕೆಪಡುವುದು ಇಲ್ಲಿ. ಹಣ ಎಷ್ಟು ಎಂದು ಕೇಳಿದರೆ ಡಾಕ್ಟರು ಏನು ತಿಳಿದುಕೊಳ್ಳುತ್ತಾರೋ ಎಂದು ತಲೆ ಆಡಿಸಿ ಬರುತ್ತೇವೆ. ನಡುವೆ ನಿಂತುಹೋಗುವ ಚಿಕಿತ್ಸೆಗಳ ಬೇರು ಇಲ್ಲೇ ಇರುವುದು. ಉಪ್ಪ ಗಲ್ಫ್‌ನಲ್ಲಿ, ಮೊದಲ ಕಂತು ಹೇಗೋ ಬಂತು, ಎಂಟು ತಿಂಗಳಲ್ಲಿ ಅಲ್ಲಿ ಕೆಲಸ ಹೋಯಿತು, ಇಲ್ಲಿ ಉಮ್ಮ ಕ್ಲಿನಿಕ್‌ಗೆ ಹೋಗುವುದನ್ನೇ ನಿಲ್ಲಿಸಿದರು. ಮಗುವಿನ ಬಾಯಲ್ಲಿ ತಂತಿ ಹಾಗೇ ಉಳಿಯಿತು. ಕೀಳಿಸಿದ ಹಲ್ಲಿನ ಸಂದಿ ಮುಚ್ಚಿಲ್ಲ, ತಂತಿಯ ಸುತ್ತ ಹುಳುಕು. ಮುಟ್ಟದೆ ಬಿಟ್ಟಿದ್ದರೆ ಅದಕ್ಕಿಂತ ಚೆನ್ನಾಗಿರುತ್ತಿತ್ತೋ ಏನೋ ಎನಿಸುವ ಸ್ಥಿತಿ. ಇಂಥದ್ದು ಒಂದೆರಡು ಮನೆಯ ಕತೆಯಲ್ಲ. ಕಷ್ಟ ಬಂದರೆ ಹೋಗದೆ ಕೂರಬೇಡಿ, ಹೋಗಿ ಹೇಳಿ. ಕಂತು ಮುಂದಕ್ಕೆ ಹಾಕಲು ಕೇಳಬಹುದು, ಕಾಲೇಜಿಗೆ ವರ್ಗಾಯಿಸಲು ಕೇಳಬಹುದು, ಆಗದಿದ್ದರೆ ಸುರಕ್ಷಿತವಾಗಿ ತೆಗೆದುಕೊಡಿ ಎಂದಾದರೂ ಕೇಳಬಹುದು.

ಲೆಕ್ಕಕ್ಕೆ ಒಂದು ಮೊತ್ತ ಹಿಡಿಯುವಾ. ಒಟ್ಟು 40,000 ರೂಪಾಯಿ ಎಂದರು ಅನ್ನಿ. ತಂತಿ ಕೂರಿಸುವ ದಿನ 10,000, ಆಮೇಲೆ ಪ್ರತಿ ಭೇಟಿಗೆ 1,500ರಂತೆ 20 ಸಲ. ಕೇಳಲು ಹಗುರ. ಆದರೆ ಈ 40,000ದಲ್ಲಿ ಎಕ್ಸ್‌ರೇ ಸೇರಿದೆಯಾ? ಜಾಗಕ್ಕಾಗಿ ನಾಲ್ಕು ಹಲ್ಲು ಕೀಳಬೇಕಾದರೆ ಅದರ ಫೀಸು? ಕ್ಲಿಪ್ಪಿನ ಒಂದು ಗುಂಡಿ ಉದುರಿದರೆ ಹೊಸದಕ್ಕೆ ಎಷ್ಟು? ಎರಡು ವರ್ಷದಲ್ಲಿ ಮುಗಿಯದೆ ಎರಡೂವರೆಗೆ ಹೋದರೆ ಆ ಆರು ತಿಂಗಳಿಗೆ ಬೇರೆ ಕೊಡಬೇಕಾ? ಎಲ್ಲಕ್ಕಿಂತ ಕೊನೆಯದ್ದು ರಿಟೇನರ್. ತಂತಿ ತೆಗೆದ ಮೇಲೆ ಹಲ್ಲು ಹಳೆಯ ಜಾಗಕ್ಕೆ ವಾಪಸ್ ಹೋಗದಂತೆ ಹಿಡಿದಿಡುವ ಸಾಧನ ಅದು. ಹಾಕದಿದ್ದರೆ ಎರಡು ವರ್ಷದ ಕೆಲಸ ನೀರಿಗೆ ಹೋದಂತೆ. ಕೆಲವು ಕಡೆ ಇದರ ಬೆಲೆ ಬೇರೆ. ಇಷ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಕೇಳುವುದು ಮರ್ಯಾದೆಗೆ ಕಡಿಮೆಯಲ್ಲ. ಒಳ್ಳೆಯ ಕ್ಲಿನಿಕ್‌ಗಳು ಕೇಳದೆಯೇ ಕೊಡುತ್ತವೆ. ಆ ಕಾಗದದ ಫೋಟೊ ಗಲ್ಫ್‌ಗೆ ವಾಟ್ಸಾಪ್ ಮಾಡಿದರೆ ಉಪ್ಪನಿಗೂ ಮುಂದಿನ ಎರಡು ವರ್ಷದ ತಿಂಗಳ ಲೆಕ್ಕ ಸಿಗುತ್ತದೆ, ಉಮ್ಮ ಪ್ರತಿ ಸಲ ವಾಯ್ಸ್ ಮೆಸೇಜಿನಲ್ಲಿ ದುಡ್ಡು ಕೇಳುವ ಸಂಕಟವೂ ತಪ್ಪುತ್ತದೆ.

ಕ್ಲಿನಿಕ್‌ನವರೇ ಕಂತು ಮಾಡಿಕೊಟ್ಟರೆ, ಒಟ್ಟು ಮೊತ್ತ ಮೊದಲೇ ತೀರ್ಮಾನ ಆಗಿದ್ದರೆ, ಅದರಲ್ಲಿ ಬಡ್ಡಿಯ ಮಾತಿಲ್ಲ. ಕೆಲವು ಕಡೆ ‘ಇಎಂಐ ಉಂಟು’ ಎಂದು ಹೇಳಿ ಫೈನಾನ್ಸ್ ಕಂಪೆನಿಯ ಫಾರಂ ಕೊಡುತ್ತಾರೆ. ಅದು ಸಾಲ. ಬಡ್ಡಿ ಇಲ್ಲ ಎಂದು ಬರೆದಿದ್ದರೂ ಪ್ರೊಸೆಸಿಂಗ್ ಫೀಸು, ಕಂತು ತಪ್ಪಿದರೆ ಬೀಳುವ ದಂಡ ಓದಿ ನೋಡಿ. ಚಿಕಿತ್ಸೆ ನಡುವೆ ನಿಂತರೂ ಆ ಕಂಪೆನಿಗೆ ಕಂತು ನಿಲ್ಲುವುದಿಲ್ಲ, ಇದನ್ನು ಫಾರಂ ಕೊಡುವವರು ಹೇಳುವುದಿಲ್ಲ. ಇನ್ನು ನಾವು ಮಾಡಿಸುವ ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಕ್ಲಿಪ್ ಹೆಚ್ಚಾಗಿ ಸೇರಿರುವುದಿಲ್ಲ. ಆ ನಂಬಿಕೆಯಲ್ಲಿ ಹೊರಡಬೇಡಿ.

ಒಂದೆರಡು ವರ್ಷದಲ್ಲಿ ಫ್ಯಾಮಿಲಿ ವೀಸಾದಲ್ಲಿ ಹೋಗುವ ಯೋಚನೆ ಇದ್ದವರು ಅದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ನಡುವೆ ಊರು ಬಿಟ್ಟರೆ ಅಲ್ಲಿಯ ಡಾಕ್ಟರು ಹೊಸದಾಗಿ ಲೆಕ್ಕ ಶುರು ಮಾಡಬಹುದು. ಕೆಲವರು ಬೇರೆಯವರು ಹಾಕಿದ ಕ್ಲಿಪ್ಪನ್ನು ಮುಟ್ಟುವುದೇ ಇಲ್ಲ.

ಹೊರಡುವ ದಿನ

ಹಳೆಯ ಎಕ್ಸ್‌ರೇ ಇದ್ದರೆ ಹಿಡಿದುಕೊಳ್ಳಿ. ಉಬ್ಬಸ, ಹೃದಯದ ತೊಂದರೆ, ರಕ್ತ ಬೇಗ ನಿಲ್ಲದಿರುವುದು, ಯಾವುದಾದರೂ ಮದ್ದಿನ ಅಲರ್ಜಿ ಇದ್ದರೆ ಕೇಳದಿದ್ದರೂ ಹೇಳಬೇಕು. ಅಗ್ಗದ ಕಿವಿಯೋಲೆ, ವಾಚು ಹಾಕಿದರೆ ಚರ್ಮ ಕೆಂಪಗಾಗಿ ತುರಿಸುವ ಮಕ್ಕಳಿದ್ದಾರೆ, ಅದು ನಿಕಲ್ ಲೋಹದ ಅಲರ್ಜಿ ಇರಬಹುದು. ಕ್ಲಿಪ್ಪಿನ ತಂತಿಯಲ್ಲಿ ನಿಕಲ್ ಇರುವುದರಿಂದ ಇದೂ ಡಾಕ್ಟರಿಗೆ ಗೊತ್ತಿರಬೇಕು. ಮಗುವಿನ ಪರವಾಗಿ ಒಪ್ಪಿಗೆಗೆ ಸಹಿ ಹಾಕಬೇಕಾದ್ದರಿಂದ ಅಜ್ಜನನ್ನೋ ಮಾಮನನ್ನೋ ಕಳಿಸದೆ ಉಮ್ಮನೋ ಉಪ್ಪನೋ ಹೋಗುವುದು ಲೇಸು.

ಹೆಣ್ಣು ಮಕ್ಕಳ ಉಮ್ಮಂದಿರಿಗೆ ಒಂದು ಮಾತು. ಮುಖದ ಎಕ್ಸ್‌ರೇ ತೆಗೆಯುವಾಗ ಕಿವಿಯೋಲೆ, ಮೂಗುತಿ, ಸರ, ಶಾಲಿನ ಪಿನ್ನು ಎಲ್ಲ ತೆಗೆಯಬೇಕು, ಲೋಹ ಇದ್ದರೆ ಚಿತ್ರದಲ್ಲಿ ಬಿಳಿ ಮಚ್ಚೆ ಬಂದು ಮತ್ತೆ ತೆಗೆಯಬೇಕಾಗುತ್ತದೆ. ಪಕ್ಕದಿಂದ ತೆಗೆಯುವ ಒಂದು ಎಕ್ಸ್‌ರೇಗೆ ಎರಡೂ ಕಿವಿಯ ರಂಧ್ರಕ್ಕೆ ಸಣ್ಣ ಕಡ್ಡಿ ಇಟ್ಟು ತಲೆ ಅಲ್ಲಾಡದಂತೆ ನಿಲ್ಲಿಸುತ್ತಾರೆ, ಹಾಗಾಗಿ ಕಿವಿ ತೆರೆದಿರಲೇಬೇಕು. ಮುಖದ ಫೋಟೊವನ್ನೂ ಎದುರಿನಿಂದ, ಪಕ್ಕದಿಂದ ತೆಗೆಯುತ್ತಾರೆ. ಪಿನ್ನಿಲ್ಲದೆ ಸುಲಭವಾಗಿ ಸರಿಸಬಹುದಾದ ಶಾಲು ಹಾಕಿಸಿ. ಮಹಿಳಾ ಸಿಬ್ಬಂದಿ ಇದ್ದಾರಾ, ಬಾಗಿಲು ಹಾಕಬಹುದಾ ಎಂದು ಮೊದಲೇ ಫೋನಿನಲ್ಲಿ ಕೇಳಿ. ಆ ಫೋಟೊ ಚಿಕಿತ್ಸೆಯ ದಾಖಲೆಗೆ ಮಾತ್ರ, ಜಾಹೀರಾತಿಗೆ ಹಾಕಬಾರದು ಎಂದು ಹೇಳುವ ಹಕ್ಕು ನಿಮಗೆ ಉಂಟು. ಕಾಲೇಜಿನಲ್ಲಿ ಪಾಠಕ್ಕೆ ಬಳಸುತ್ತಾರಾ ಎಂಬುದನ್ನೂ ಸಹಿ ಹಾಕುವ ಕಾಗದದಲ್ಲಿ ಓದಿಕೊಳ್ಳಿ.

ಮಗುವನ್ನು “ಹಟ ಮಾಡಿದರೆ ಇಂಜೆಕ್ಷನ್ ಕೊಡಿಸ್ತೇನೆ” ಎಂದು ವರ್ಷವಿಡೀ ಹೆದರಿಸಿ, ಕೊನೆಗೆ ಅದೇ ಡಾಕ್ಟರ ಕುರ್ಚಿಗೆ ಹತ್ತು ಎಂದರೆ ಹತ್ತುತ್ತದಾ? ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಸೂಜಿ ಇಲ್ಲ. ಬಾಯಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಎಕ್ಸ್‌ರೇ, ಫೋಟೊ ತೆಗೆಯುತ್ತಾರೆ. ಹಿಟ್ಟಿನಂತಹ ಒಂದು ವಸ್ತುವನ್ನು ಬಾಯಲ್ಲಿಟ್ಟು ಅಚ್ಚು ತೆಗೆಯುವಾಗ ಓಕರಿಕೆ ಬರಬಹುದು, ಹೊಟ್ಟೆ ತುಂಬಾ ತಿನ್ನಿಸಿ ಕರಕೊಂಡು ಹೋಗಬೇಡಿ. ನೋವೇ ಆಗುವುದಿಲ್ಲ ಎಂದು ಸುಳ್ಳು ಹೇಳುವುದೂ ಬೇಡ. ತಂತಿ ಕೂರಿಸಿದ ಮೇಲೆ ನಾಲ್ಕು ದಿನ ನೋಯುತ್ತದೆ, ಗಂಜಿ ಕುಡಿದರಾಯಿತು, ಆಮೇಲೆ ಹೋಗುತ್ತದೆ. ಇಷ್ಟು ಹೇಳಿದರೆ ಹತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಮುಂದೆ ಕ್ಲಿಪ್ ಬಂದರೆ ಏನೇನು ಬಿಡಬೇಕು ಎಂಬುದನ್ನೂ ಆ ದಿನವೇ ಮಗುವಿನ ಎದುರೇ ಕೇಳಿ. ಡಾಕ್ಟರ ಬಾಯಿಂದ ಬಂದರೆ ಅದಕ್ಕೆ ತೂಕ ಹೆಚ್ಚು. ಹಲಸಿನ ಹಪ್ಪಳ, ಚಿಕ್ಕಿ, ಹುರಿಗಡಲೆ, ಕಬ್ಬು, ಎಲುಬು ಕಡಿಯುವುದು, ಐಸ್ ತುಂಡು ಅಗಿಯುವುದು ಎರಡು ವರ್ಷ ಇಲ್ಲ. ಪೇರಳೆ, ಸೇಬು ತುಂಡು ಮಾಡಿ ತಿನ್ನಬಹುದು. ಕೋರಿರೊಟ್ಟಿಯನ್ನು ಗರಿಗರಿಯಾಗಿ ಕಡಿಯುವ ಹಾಗಿಲ್ಲ, ಸಾರಿನಲ್ಲಿ ಚೆನ್ನಾಗಿ ನೆನೆಸಿ ತಿನ್ನಲಿ. ಖರ್ಜೂರದ ಬೀಜ ತೆಗೆದುಕೊಡಿ, ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಮಿಸ್ವಾಕ್ ಅಭ್ಯಾಸ ಇರುವ ಮಕ್ಕಳು ಅದನ್ನು ಬಿಡುವುದು ಬೇಡ, ಆದರೆ ಅದರ ನಾರು ತಂತಿಯ ಅಡಿಗೆ ಹೋಗುವುದಿಲ್ಲ. ಬ್ರಷ್ಷೂ ಬೇಕು, ತಂತಿಯ ಸಂದಿಗೆಂದೇ ಸಿಗುವ ಸಣ್ಣ ಬ್ರಷ್ಷೂ ಬೇಕು.

ಕ್ಲಿಪ್ ಹಾಕಿದ ವಾರ ಮದ್ರಸದ ಉಸ್ತಾದರಿಗೂ ಶಾಲೆಯ ಟೀಚರಿಗೂ ಒಂದು ಚೀಟಿ ಕೊಟ್ಟು ಕಳಿಸಿ. ಓದುವಾಗ ನಾಲಗೆ ತಡವರಿಸುತ್ತದೆ, ಎಂಜಲು ಬರುತ್ತದೆ, ಪಕ್ಕದ ಮಕ್ಕಳು ನಗುತ್ತಾರೆ. ಗೊತ್ತಿದ್ದರೆ ಅಂಥ ಮಗುವನ್ನು ಆ ವಾರ ಎದ್ದು ನಿಲ್ಲಿಸಿ ಓದಿಸುವುದಿಲ್ಲ, ನಗುವ ಮಕ್ಕಳನ್ನೂ ಸುಮ್ಮನೆ ಬಿಡುವುದಿಲ್ಲ.

ಆರು ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರು ವಾಪಸ್ ಕಳಿಸಿದರೆ ಬಂದದ್ದು ದಂಡ ಆಯಿತು ಎಂದುಕೊಳ್ಳಬೇಡಿ. ಎಕ್ಸ್‌ರೇ ತೆಗೆದಿದ್ದರೆ ಕೇಳಿ ಪಡೆದುಕೊಳ್ಳಿ, ಮುಂದಿನ ತಾರೀಖನ್ನು ಅಡುಗೆ ಕೋಣೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.